ರೂಟರ್ ಕಾವಲಿನ ಕರಡು

ದೊಡ್ಡವರ ಕೈಗೆ ಕರಡು ಕೊಟ್ಟು ಅಭಿಪ್ರಾಯ ಕೇಳಿದಾಗಲೆಲ್ಲ ಇಂಥದ್ದೇ ಏನಾದರೂ ಆಗುತ್ತದೆ. ನಾನು ನಿವೃತ್ತನಾದರೂ ಆ ಪಾಡು ತಪ್ಪಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಕೋಲಾರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಇಂಜಿನಿಯರ್. ನಮ್ಮ ನಾಲ್ಕು ಊರಿನ ಕಚೇರಿಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ರೂಟರ್ ಪೆಟ್ಟಿಗೆಗಳು ಬಂದಿದ್ದವು. ಎಲ್ಲದರಲ್ಲೂ ಕಂಪನಿಯವರು ಇಟ್ಟುಕೊಟ್ಟ ಪಾಸ್‌ವರ್ಡೇ. ಸೈಬರ್ ಕೆಫೆಗೆ ಹೋಗುವವರಿಗೆಲ್ಲ ಅದು ಗೊತ್ತು. ಅದನ್ನು ಬದಲಾಯಿಸಿ, ಪೆಟ್ಟಿಗೆಗಳನ್ನು ಕಾಪಾಡುವುದು ಹೇಗೆಂದು ಕರಡು ಬರೆದೆ. ಕರಡಿನ ಮಂಜೂರಾದ ಪ್ರತಿಯನ್ನು ಆಯಾ ಊರಿನ ಕಚೇರಿಗೆ ತೋರಿಸದೆ ನಾನು ಪೆಟ್ಟಿಗೆ ಮುಟ್ಟುವಂತಿಲ್ಲ. ಆದರೆ ಯಾರಾದರೂ ಕಳ್ಳರು ನೆಟ್‌ವರ್ಕಿನೊಳಗೆ ನುಗ್ಗಿದರೆ ಕೆಲಸ ಕಳೆದುಕೊಳ್ಳುವವನು ನಾನೇ. ಹೀಗಾಗಿ ಕರಡನ್ನು ಮೊದಲೇ ಕಳಿಸಿ, ಅಭಿಪ್ರಾಯ ಕೇಳಿಕೊಂಡು ಊರೂರು ಅಲೆದೆ.

ಮಾಲೂರು

ಅಲ್ಲಿನ ಮ್ಯಾನೇಜರು ಕರಡಿನ ಮೊದಲ ಸಾಲು ಓದಿದ್ದೇ ರೂಟರಿನ ವೈರುಗಳನ್ನೆಲ್ಲ ಕಿತ್ತು, ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಜಿರಲೆ ಬಾರದಿರಲೆಂದು ನುಸಿಗುಳಿಗೆ ಬೇರೆ.

"ಸಾರ್, ಹೀಗಿಟ್ರೆ ನೆಟ್‌ವರ್ಕ್ ಬರಲ್ವಲ್ಲ?"

"ನಮಗೇ ಬರ್ತಿಲ್ಲ ಅಂದ್ಮೇಲೆ ಕಳ್ಳರಿಗೆ ಹೆಂಗ್ರೀ ಬರುತ್ತೆ?"

ಮುಳಬಾಗಿಲು

ಇಲ್ಲಿ ಕರಡು ಓದಿದವರು ಅಕೌಂಟೆಂಟರು. ಓದಿದೆ ಎಂದರು, ನಾನು ನಂಬಿದೆ. ರೂಟರಿನ ಮೇಲೆ ಕುಂಕುಮ, ಗರಿಕೆ. ಗಾಳಿಯಾಡುವ ತೂತುಗಳಲ್ಲೆಲ್ಲ ಅಕ್ಷತೆ.

"ಕುರುಡುಮಲೆ ಗಣಪತಿ ಗುಡೀಲಿ ಇದರ ಹೆಸರಲ್ಲೇ ಅರ್ಚನೆ ಮಾಡಿಸ್ದೆ. ಇನ್ನು ಯಾರೂ ಮುಟ್ಟಲ್ಲ," ಎಂದರು.

"ಗೋತ್ರ, ನಕ್ಷತ್ರ ಕೇಳಲಿಲ್ವಾ?"

"ಕೇಳಿದ್ರು. ಗೋತ್ರ ಕೋಲಾರದ ದೊಡ್ಡ ಸಾಹೇಬ್ರದ್ದು ಹೇಳ್ದೆ. ನಕ್ಷತ್ರ, ಡಬ್ಬ ಬಿಚ್ಚಿದ ದಿನದ್ದು."

ಶ್ರೀನಿವಾಸಪುರ

ಪಾಸ್‌ವರ್ಡ್ ಒಬ್ಬ ನಂಬಿಕಸ್ಥನ ಬಳಿ ಮಾತ್ರ ಇರಬೇಕೆಂದು ಕರಡಿನಲ್ಲಿ ಬರೆದಿದ್ದೆ. ಈ ಒಂದು ಸಾಲನ್ನು ಅಲ್ಲಿನ ಅಧಿಕಾರಿ ತುಂಬ ಮೆಚ್ಚಿಕೊಂಡು, ತಕ್ಷಣ ಜಾರಿಗೂ ತಂದಿದ್ದರು. ಆ ನಂಬಿಕಸ್ಥ ಯಾರೆಂದರೆ ಎದುರಿನ ಟೀ ಅಂಗಡಿಯವನು.

"ನಮ್ಮೋರೆಲ್ಲ ರಜಾ ಹಾಕ್ತಾರೆ ಸಾರ್. ಆಯನ ಒಂದಿನಾನೂ ಅಂಗಡಿ ಮುಚ್ಚಲ್ಲ," ಎಂದರು ತೆಲುಗು ಬೆರೆಸಿ.

ನನಗೆ ಮೈಯೆಲ್ಲ ಉರಿಯಿತು. "ಕೇಳಿದವರಿಗೆಲ್ಲ ಹೇಳಿಬಿಡ್ತಾನಾ?"

"ಅಬ್ಬೇ, ಇಲ್ಲ ಸಾರ್, ಟೀ ಕುಡಿದವರಿಗೆ ಮಾತ್ರ."

ಕೋಲಾರ

ಕೊನೆಗೆ ಕರಡು ನಮ್ಮ ದೊಡ್ಡ ಸಾಹೇಬರ ಸಮಿತಿಗೆ ಬಂತು. ಬೆಳಗಿನ ಹೊತ್ತೆಲ್ಲ ಮೊದಲ ಪುಟದಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಎಂಬ ಚರ್ಚೆಯೇ ಆಯಿತು. ಒಳಗಿನ ಪುಟಗಳನ್ನು ಯಾರೂ ತಿರುವಲಿಲ್ಲ. ಬೋಂಡಾ ಬಂದ ಮೇಲೆ ಮಂಜೂರೂ ಆಯಿತು. ಇಂಥವರ ಸಹಿಗೆ ಕಾದೆನಲ್ಲ ಎಂದು ಹೇಸಿಗೆಯಾದರೂ ಕೆಲಸ ಉಳಿಯಿತೆಂದು ಉಸಿರು ಬಿಟ್ಟೆ.

ಅಷ್ಟರಲ್ಲಿ ಸಾಹೇಬರು ಅದನ್ನು ಕವರಿಗೆ ಹಾಕಿ, ಅರಗಿನ ಮುದ್ರೆ ಒತ್ತಿ, ತಿಜೋರಿಗೆ ಕಳಿಸಲು ಹೇಳಿದರು.

"ಸಾರ್, ನಾಲ್ಕೂ ಊರಿಗೆ ಪ್ರತಿ ಕಳಿಸ್ಬೇಕಲ್ಲ?"

"ಕಾವಲು ಹೆಂಗೆ ಅಂತ ಊರಿಗೆಲ್ಲ ಗೊತ್ತಾದ್ರೆ ಅದು ಕಾವಲೇನ್ರೀ? ಇದು ಗೌಪ್ಯ. ಯಾರೂ ಓದೋ ಹಂಗಿಲ್ಲ."

"ಸಾರ್, ಅದನ್ನ ಬರೆದವನೇ ನಾನು."

ಸಾಹೇಬರು ಕನ್ನಡಕ ತೆಗೆದು ನನ್ನನ್ನು ಅನುಮಾನದಿಂದ ನೋಡಿದರು.

"ಹಂಗಾದ್ರೆ ಮರೆತ್ಬಿಡಿ," ಎಂದರು. "ಮರೆತಿದ್ದೀನಿ ಅಂತ ನಾಳೆ ಬರೆದ್ಕೊಡಿ."