ಹನಿ ಎಣಿಸುವ ಡಬ್ಬಿಯ ಹದಿನೈದು ದಿನ

ಬಾಟ್ಲಿಯಿಂದ ಹನಿ ಬೀಳುತ್ತದೆ, ಕೊಳವೆಯಲ್ಲಿ ಇಳಿಯುತ್ತದೆ, ಕೈಯೊಳಗೆ ಹೋಗುತ್ತದೆ. ಇದರಲ್ಲಿ ತಮಾಷೆಗೆ ಜಾಗವೇ ಇಲ್ಲ ಎಂದು ನಾನು ನಂಬಿದ್ದೆ. ಈಗ ನಂಬುವುದಿಲ್ಲ. ಗ್ಲೂಕೋಸ್ ಬಾಟ್ಲಿ ನೇತುಹಾಕಿದ ಕಡೆ ದಿನಕ್ಕೊಂದು ಪ್ರಸಂಗ ಗ್ಯಾರಂಟಿ. ಭಾನುವಾರ ನೋಡಲು ಬರುವವರು ಜಾಸ್ತಿ, ಹಾಗಾಗಿ ಎರಡು.

ನಾನು ಜ್ಞಾನಭಾರತಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಎಸ್ಸಿ ಮಾಡಿದವನು. ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ನಾವು ತಯಾರಿಸುವುದು ಅಂಗೈಯಗಲದ ಒಂದು ಡಬ್ಬಿ. ಡ್ರಿಪ್ಪಿನ ಹನಿ ಬೀಳುವ ಜಾಗಕ್ಕೆ ಸಿಕ್ಕಿಸಿದರೆ ಒಳಗಿನ ಬೆಳಕಿನ ಕಣ್ಣಿನಿಂದ ಹನಿ ಎಣಿಸುತ್ತದೆ. ಹನಿ ನಿಂತರೆ, ವೇಗ ಹೆಚ್ಚಾದರೆ, ಬಾಟ್ಲಿ ಮುಗಿಯುತ್ತ ಬಂದರೆ ಕಿರುಚುತ್ತದೆ. ನರ್ಸ್‌ಗಳ ಟೇಬಲ್ ಮೇಲಿನ ಪರದೆಯಲ್ಲೂ ಕೆಂಪಗಾಗುತ್ತದೆ. ಇದುವರೆಗೆ ಈ ಕೆಲಸಕ್ಕೆ ಬಳಕೆಯಲ್ಲಿದ್ದ ತಂತ್ರಜ್ಞಾನವೆಂದರೆ ರೋಗಿಯ ಕಡೆಯವರು. ಅವರು "ಸಿಸ್ಟರ್, ಬಾಟ್ಲಿ ಖಾಲಿ!" ಎಂದು ಕೂಗಬೇಕು. ಆ ತಂತ್ರಜ್ಞಾನಕ್ಕೆ ಊಟವಾದ ಮೇಲೆ ನಿದ್ದೆ ಬರುತ್ತದೆ.

ಡಬ್ಬಿಯನ್ನು ಪರೀಕ್ಷೆಗೆ ಇಟ್ಟದ್ದು ವಿಜಯನಗರದ ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿ ಒಬ್ಬರು ಹಿರಿಯ ಸಿಸ್ಟರ್ ಇದ್ದರು. ಮನೆ ಕೆಂಗೇರಿಯಲ್ಲಿ. ಮಗಳು ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಳು. ಸಿಸ್ಟರ್‌ಗೆ ಒಂದು ತಿಂಗಳು ರಜೆ ಬೇಕಿತ್ತು. ಆಸ್ಪತ್ರೆಯ ಮಾಲೀಕರೂ ಆಗಿದ್ದ ಡಾಕ್ಟರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ನೀವು ಹೋದ್ರೆ ಬಾಟ್ಲಿ ಯಾರಮ್ಮ ನೋಡ್ತಾರೆ?"

ನಾನು ಕೆಲವು ಡಬ್ಬಿಗಳನ್ನು ಹಿಡಿದು ಹೋದ ದಿನ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ಹದಿನೈದು ದಿನ ಯಾವ ಬಾಟ್ಲಿಯೂ ಯಾರಿಗೂ ಗೊತ್ತಾಗದೆ ಖಾಲಿಯಾಗಬಾರದು, ದೂರಿನ ಪುಸ್ತಕದಲ್ಲಿ ಒಂದೂ ದೂರು ಇರಬಾರದು. ಹಾಗಾದರೆ ಡಬ್ಬಿಯೂ ಪಾಸು, ರಜೆಯೂ ಪಾಸು.

ಡಾಕ್ಟರು ಆಚೆ ಹೋದ ಮೇಲೆ ಸಿಸ್ಟರ್ ನನ್ನನ್ನು ಮೂಲೆಗೆ ಕರೆದರು. "ನೋಡಪ್ಪಾ, ನಿನ್ ಡಬ್ಬಿ ಕೈಕೊಟ್ರೆ ನನ್ ಮಗಳ ಬಾಣಂತನ ನೀನೇ ಮಾಡ್ಬೇಕು. ಎರೆಯೋದು ಬರುತ್ತಾ?"

ಪ್ಲಗ್ಗು

ಎರಡನೇ ದಿನ. ಎರಡನೇ ಹಾಸಿಗೆಯ ಅಜ್ಜಿಯ ಡಬ್ಬಿ ಮಧ್ಯಾಹ್ನ ಸದ್ದಿಲ್ಲದೆ ಸತ್ತುಹೋಯಿತು. ಸಿಸ್ಟರ್ ಆ ಕಡೆ ಹಾದುಹೋಗುವಾಗ ಬಾಟ್ಲಿಯಲ್ಲಿ ಒಂದು ಗುಟುಕು ಉಳಿದಿತ್ತು. ಬದಲಾಯಿಸಿ, ಎದೆ ಮೇಲೆ ಕೈ ಇಟ್ಟುಕೊಂಡು ನನಗೆ ಫೋನ್ ಮಾಡಿದರು.

ಹೋಗಿ ನೋಡಿದರೆ ಡಬ್ಬಿಯ ಪ್ಲಗ್ ಕಿತ್ತು ಕೆಳಗೆ ಬಿದ್ದಿದೆ. ಅದರ ಜಾಗದಲ್ಲಿ ಒಂದು ಮೊಬೈಲ್ ಚಾರ್ಜರ್.

"ಆಂಟಿ, ಇದನ್ನ ಯಾಕೆ ಕಿತ್ರಿ?" ಅಂತ ಅಜ್ಜಿಯ ಮಗಳನ್ನು ಕೇಳಿದೆ.

"ಅದು ಫುಲ್ ಆಗಿತ್ತಲ್ಲಪ್ಪಾ, ಹಸಿರು ಲೈಟ್ ಬಂದಿತ್ತು. ಫುಲ್ ಆದ್ಮೇಲೂ ಬಿಟ್ರೆ ಬ್ಯಾಟರಿ ಊದ್ಕೊಳ್ಳುತ್ತೆ. ನಿನ್ ಒಳ್ಳೇದಕ್ಕೇ ಕಿತ್ತಿದ್ದು."

ಹಸಿರು ಲೈಟ್ ಇಟ್ಟವನು ನಾನೇ. 'ಎಲ್ಲ ಸರಿಯಿದೆ' ಎಂಬ ಅರ್ಥದಲ್ಲಿ ಇಟ್ಟಿದ್ದೆ. ಎಂಎಸ್ಸಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಸಿಸ್ಟರ್ ಆ ಪ್ಲಗ್ಗಿನ ಮೇಲೆ ಬ್ಯಾಂಡೇಜ್ ಪ್ಲಾಸ್ಟರ್ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ 'ಮುಟ್ಟಬಾರದು' ಎಂದು ಬರೆದರು. ಮರುದಿನ ಬೆಳಿಗ್ಗೆ ನೋಡಿದರೆ ಪ್ಲಾಸ್ಟರ್ ಹಾಗೇ ಇದೆ, ಬರಹ ಹಾಗೇ ಇದೆ. ಆದರೆ ಪ್ಲಗ್ ಈಗ ಮನೆಯಿಂದ ತಂದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದೆ. ಪಕ್ಕದಲ್ಲಿ ಎರಡು ಮೊಬೈಲು, ಒಂದು ಸೊಳ್ಳೆ ಮೆಷಿನ್ನು, ನೀರು ಕಾಯಿಸುವ ಕೆಟಲ್ಲು.

"ನಿಮ್ಮದಕ್ಕೂ ಒಂದು ಜಾಗ ಬಿಟ್ಟಿದೀವಿ," ಎಂದರು ಆಂಟಿ. ಬಾಡಿಗೆ ಮನೆ ಕೊಟ್ಟ ಓನರ್ ಥರ.

ಹಳದಿ

ಗ್ಲೂಕೋಸ್‌ಗೆ ವಿಟಮಿನ್ ಇಂಜೆಕ್ಷನ್ ಬೆರೆಸಿದರೆ ಬಾಟ್ಲಿ ಹಳದಿಯಾಗುತ್ತದೆ. ಅಷ್ಟೇ. ಆದರೆ ವಾರ್ಡಿನಲ್ಲಿ ಹಳದಿ ಎಂದರೆ ಒಂದು ಅಂತಸ್ತು.

ಐದನೇ ಹಾಸಿಗೆಯ ಹಿರಿಯರಿಗೆ ಬಿಳಿ ಬಾಟ್ಲಿ. ಪಕ್ಕದ ಆರನೇ ಹಾಸಿಗೆಗೆ ಹಳದಿ. ಹಿರಿಯರ ಮಗ ಬಸವೇಶ್ವರನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟವರು. ಇವರು ಎರಡೂ ಬಾಟ್ಲಿಗಳ ನಡುವೆ ನಿಂತು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದರು. ಆಮೇಲೆ ನನ್ನ ಡಬ್ಬಿಗಳನ್ನು ನೋಡಿದರು. ಅಲ್ಲಿಗೆ ಕಥೆ ಕೆಟ್ಟಿತು.

"ಸಾರ್, ಅವ್ರಿಗೆ ನಿಮಿಷಕ್ಕೆ ಮೂವತ್ತು ಹನಿ, ನಮ್ಮಪ್ಪಂಗೆ ಇಪ್ಪತ್ತೇ ಯಾಕೆ?"

"ಡಾಕ್ಟರ್ ಬರೆದಿರೋದೇ ಅಷ್ಟು."

"ಬಣ್ಣನೂ ಇಲ್ಲ, ಹನಿನೂ ಕಮ್ಮಿ. ನಾವೇನ್ ಪುಕ್ಸಟ್ಟೆ ಬಂದಿದೀವಾ? ಪುಸ್ತಕ ಎಲ್ಲಿ? ಬರೀತೀನಿ."

ಡಬ್ಬಿ ಬರುವ ಮೊದಲು ಯಾರ ಹನಿ ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಸುಖವಾಗಿದ್ದರು. ನಾನು ಅಂಕಿ ತೋರಿಸಿ ಹೋಲಿಕೆಗೆ ದಾರಿ ಮಾಡಿದ್ದೆ. ನಿಮ್ಮ ತಂದೆಯ ಹೃದಯ ಸ್ವಲ್ಪ ಸೋತಿದೆ, ಅದಕ್ಕೇ ನಿಧಾನ ಎಂದು ವಿವರಿಸತೊಡಗಿದೆ. ಅವರು ಜೇಬಿನಿಂದ ಪೆನ್ ತೆಗೆದರು.

ಅಷ್ಟರಲ್ಲಿ ಸಿಸ್ಟರ್ ಬಂದರು. ಪುಸ್ತಕ ಕೊಡಲಿಲ್ಲ. "ಹಳದೀನೇ ಬೇಕಾ? ಡಾಕ್ಟರ್‌ನ ಕೇಳ್ತೀನಿ. ಆರನೇ ಬೆಡ್ಡವ್ರಿಗೆ ಮೂರು ದಿನದಿಂದ ಬಾಯಿಗೆ ಏನೂ ಕೊಟ್ಟಿಲ್ಲ. ಅಂಥವ್ರಿಗೇ ಅದು. ನಿಮ್ಮಪ್ಪ ಬೆಳಿಗ್ಗೆ ನಾಲ್ಕು ಇಡ್ಲಿ ತಿಂದ್ರು. ನಾಳೆಯಿಂದ ಇಡ್ಲಿ ಬಂದ್ ಮಾಡಿಸ್ತೀರಾ?"

ಅದುವರೆಗೆ ಕಣ್ಣು ಮುಚ್ಚಿ ಮಲಗಿದ್ದ ಹಿರಿಯರು ಕಣ್ಣು ಬಿಟ್ಟರು.

"ಲೋ, ಪೆನ್ ಒಳಗಿಡೋ. ನಂಗೆ ಬಿಳೀನೇ ಚೆನ್ನಾಗಿದೆ."

ಇನ್ನೆಷ್ಟು ನಿಮಿಷ

ಡಬ್ಬಿಯ ಪರದೆಯಲ್ಲಿ 'ಬಾಟ್ಲಿ ಮುಗಿಯಲು ಉಳಿದ ಸಮಯ' ಎಂದೊಂದು ಸಾಲು ಬರುತ್ತಿತ್ತು. ನನ್ನದೇ ಐಡಿಯಾ. ಕಂಪನಿಯಲ್ಲಿ ಅದಕ್ಕೆ ಚಪ್ಪಾಳೆಯೂ ಸಿಕ್ಕಿತ್ತು.

ಏಳನೇ ದಿನ ಒಬ್ಬ ಡೆಲಿವರಿ ಹುಡುಗ ವಾಂತಿ ಭೇದಿಯಾಗಿ ಬಂದು ಸೇರಿದ. ರಾಯಚೂರು ಕಡೆಯವನು, ಮೂಡಲಪಾಳ್ಯದಲ್ಲಿ ನಾಲ್ವರ ಜೊತೆ ರೂಮು. ಅವನ ಡಬ್ಬಿ ಅರ್ಧ ಗಂಟೆಯಲ್ಲಿ ಮೂರು ಸಲ ಕಿರುಚಿತು. ಮೂರು ಸಲವೂ ಸಿಸ್ಟರ್ ಓಡಿದರು. ಹನಿಯ ವೇಗ ಹೊಂದಿಸುವ ಸಣ್ಣ ಗಾಲಿಯನ್ನು ಯಾರೋ ಪೂರ್ತಿ ತೆರೆದಿದ್ದಾರೆ. ನಾಲ್ಕನೇ ಸಲ ನಾವಿಬ್ಬರೂ ಬಾಗಿಲ ಸಂದಿಯಿಂದ ನೋಡಿದೆವು. ಅವನೇ. ಪರದೆ ನೋಡುವುದು, ಗಾಲಿ ತಿರುವುವುದು, ಪರದೆ ನೋಡುವುದು.

"ಏನಪ್ಪಾ ಮಾಡ್ತಾ ಇದೀಯ?" ಎಂದರು ಸಿಸ್ಟರ್.

"ನೋಡ್ರಿ ಅಕ್ಕಾರ, ಒಂದ್ ತಾಸ್ ನಲವತ್ ನಿಮಿಷ ಇತ್ರಿ. ಮೂವತ್ತೈದ್ ನಿಮಿಷಕ್ಕ ತಂದೀನ್ರಿ!" ಮುಖದಲ್ಲಿ ಹೆಮ್ಮೆ. ಸಿಗ್ನಲ್ ತಪ್ಪಿಸಿ ಅಡ್ಡರಸ್ತೆ ಹಿಡಿದವನ ಹೆಮ್ಮೆ.

"ಇದೇನು ಬಿರಿಯಾನಿ ಪಾರ್ಸೆಲ್ಲಾ ಬೇಗ ಮುಟ್ಸೋಕೆ? ಒಂದೇ ಸಲ ನುಗ್ಗಿಸಿದ್ರೆ ಉಸಿರು ಕಟ್ಟುತ್ತೆ!"

"ಟೈಮ್ ತೋರ್ಸಿದ ಮ್ಯಾಲೆ ಇಳಸ್ಬೇಕಲ್ರಿ. ಅದಕ್ಕ ತೋರ್ಸ್ತಾರ, ಹೌದಿಲ್ರಿ?" ಎಂದು ನನ್ನನ್ನು ಕೇಳಿದ.

ಆ ಸಾಲನ್ನು ಅಂದೇ ತೆಗೆದುಹಾಕಿದೆ. ಮರುದಿನ ಅವನು ತೀರಾ ಸಪ್ಪಗಿದ್ದ. ಎಲ್ಲಿಗೆ ಬಂತು ಎಂದು ತೋರಿಸದಿದ್ದರೆ ಕಸ್ಟಮರ್ ಸಿಟ್ಟಾಗುತ್ತಾನೆ ಎಂದು ಅನುಭವದ ಮಾತು ಹೇಳಿದ. ಮನೆಗೆ ಹೋಗುವಾಗ ದೂರಿನ ಪುಸ್ತಕ ಕೇಳಿ ಪಡೆದು ಐದು ನಕ್ಷತ್ರ ಬರೆದು, ಎರಡಕ್ಕೆ ಮಾತ್ರ ಶಾಯಿ ತುಂಬಿದ. ಡಬ್ಬಿಗೆ ಎರಡು ಸ್ಟಾರ್.

ಸಿಸ್ಟರ್ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು. "ಒಂದಕ್ಷರ ಇಲ್ಲ. ಇದು ದೂರಲ್ಲ, ರಂಗೋಲಿ."

ಕಂಡಕ್ಟರು

ಒಂಬತ್ತನೇ ಹಾಸಿಗೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರು. ಮಹಾಲಕ್ಷ್ಮಿ ಲೇಔಟಿನವರು. ಅವರಿಗೆ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. ತಲೆ ಎಣಿಸುವುದು ಅವರ ಜೀವಮಾನದ ಕೆಲಸ. ಅದೇ ಕೆಲಸಕ್ಕೆ ಇನ್ನೊಬ್ಬ ಬಂದು ಪಕ್ಕದಲ್ಲಿ ನಿಂತಿದ್ದ. ಮಲಗಿದಲ್ಲೇ ತುಟಿ ಅಲ್ಲಾಡಿಸುತ್ತ ಹನಿ ಎಣಿಸುತ್ತಿದ್ದರು.

ಹತ್ತನೇ ದಿನ ಸಂಜೆ ನಾಲ್ಕಕ್ಕೆ ಡಬ್ಬಿ 'ಹನಿ ನಿಂತಿದೆ' ಎಂದು ಕಿರುಚಿತು. ಸಿಸ್ಟರ್ ಓಡಿ ಬಂದರು. ಹನಿ ಬೀಳುತ್ತಲೇ ಇತ್ತು.

"ನಾನು ಇಪ್ಪತ್ನಾಲ್ಕು ಎಣಿಸ್ದೆ. ಇದು ಸೊನ್ನೆ ಅಂತಿದೆ," ಎಂದರು ಕಂಡಕ್ಟರು. "ತುಂಬಿದ ಬಸ್ಸಲ್ಲಿ ನಿದ್ದೆ ಹೊಡೀತಾ ಇದಾನೆ ನಿಮ್ಮೋನು."

ಮರುದಿನವೂ ಸರಿಯಾಗಿ ನಾಲ್ಕಕ್ಕೆ ಅದೇ ಸುಳ್ಳು ಕೂಗು. ನಾನು ಸ್ಟಾಪ್‌ವಾಚ್ ಹಿಡಿದು ಕೂತೆ. ಕಂಡಕ್ಟರ ಲೆಕ್ಕ ಸರಿ, ನನ್ನದು ತಪ್ಪು. ಸೆನ್ಸರ್ ಬದಲಾಯಿಸಿದೆ, ತಂತಿ ಬದಲಾಯಿಸಿದೆ. ಮೂರನೇ ದಿನವೂ ನಾಲ್ಕಕ್ಕೆ ಸೊನ್ನೆ. ಸಿಸ್ಟರ್ ನನ್ನ ಮುಖ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು.

ಕಂಡಕ್ಟರು ಎದ್ದು ಕೂತು, ಹೆಗಲ ಮೇಲಿನ ಟವೆಲ್ ತೆಗೆದು, ಪಶ್ಚಿಮದ ಕಿಟಕಿಗೆ ತೂಗುಹಾಕಲು ಹೇಳಿದರು. ಹಾಕಿದೆ. ಡಬ್ಬಿ ತಕ್ಷಣ ಇಪ್ಪತ್ನಾಲ್ಕು ಎಂದಿತು.

"ಬಿಸಿಲು ಕಣ್ಣಿಗೆ ಹೊಡೆದ್ರೆ ನಂಗೂ ಹಿಂದಿನ ಸೀಟು ಕಾಣ್ತಿರ್ಲಿಲ್ಲ. ಅಷ್ಟೂ ಗೊತ್ತಾಗ್ಲಿಲ್ವಾ? ಏನ್ ಓದಿದೀರಾ ನೀವು?"

ಎಂಎಸ್ಸಿ ಎಂದೆ.

"ಪರವಾಗಿಲ್ಲ ಬಿಡಿ," ಎಂದು ಸಮಾಧಾನ ಮಾಡಿದರು.

ಸ್ಪೆಷಲ್ ರೂಮು

ಹದಿನಾಲ್ಕನೇ ದಿನ ಬೆಳಿಗ್ಗೆ ಡಾಕ್ಟರೇ ಬಿದ್ದರು. ವೈರಲ್ ಜ್ವರ, ವಾಂತಿ, ನಿಂತರೆ ತಲೆಸುತ್ತು. ಅವರ ಜೂನಿಯರ್ ಡಾಕ್ಟರ್ ನೋಡಿ, ಎರಡು ಬಾಟ್ಲಿ ನಿಧಾನವಾಗಿ ಹೋಗಲಿ ಎಂದು ಬರೆದರು. ಸ್ಪೆಷಲ್ ರೂಮಿನಲ್ಲಿ ಮಲಗಿಸಿದರು. ಎಡಗೈಯಲ್ಲಿ ನರ ಸಿಗದೆ ಬಲಗೈಗೆ ಸೂಜಿ ಹಾಕಿ, ಕೈ ಅಲ್ಲಾಡಿಸದಂತೆ ಹಲಗೆ ಕಟ್ಟಿದರು. ಸಿಸ್ಟರ್ ಡಬ್ಬಿ ಸಿಕ್ಕಿಸಿದರು. ನಾನೂ ಅಲ್ಲೇ ಇದ್ದೆ.

ಹತ್ತು ನಿಮಿಷಕ್ಕೆ ಡಬ್ಬಿ ಕಿರುಚಿತು. ಡಾಕ್ಟರು ಎಡಗೈಯಲ್ಲಿ ಗಾಲಿ ಪೂರ್ತಿ ತೆರೆದಿದ್ದರು.

"ಸಾರ್, ಕೈ ತೆಗೀರಿ."

"ಕೆಳಗೆ ಓಪಿಡೀಲಿ ಜನ ಕಾಯ್ತಿದಾರಮ್ಮ. ನಾನು ಡಾಕ್ಟರ್, ಎಷ್ಟು ಬಿಡಬಹುದು ಅಂತ ನಂಗೊತ್ತಿಲ್ವಾ?"

"ಕೆಳಗೆ ಡಾಕ್ಟರು. ಇಲ್ಲಿ ಪೇಶೆಂಟು." ಗಾಲಿಯನ್ನು ಮೊದಲಿನ ಜಾಗಕ್ಕೆ ತಂದು ಸಿಸ್ಟರ್ ಹೊರಟರು.

ಎರಡನೇ ಸಲ ಡಾಕ್ಟರು ಡಬ್ಬಿಯ ಮೇಲೆ ದಿಂಬು ಒತ್ತಿ ಹಿಡಿದು ಗಾಲಿ ತೆರೆಯಲು ನೋಡಿದರು. ಒಂದೇ ಕೈ. ದಿಂಬು ಬಿಟ್ಟರೆ ಸದ್ದು, ದಿಂಬು ಹಿಡಿದರೆ ಗಾಲಿ ಎಟಕುವುದಿಲ್ಲ. ಕೊನೆಗೆ ಗದ್ದದಿಂದ ದಿಂಬು ಒತ್ತಿದರು. ಸದ್ದೇನೋ ಅಡಗಿತು. ಆದರೆ ಟೇಬಲ್ಲಿನ ಪರದೆ ಕೆಂಪಗಾಯಿತು. ಸಿಸ್ಟರ್ ಬಾಗಿಲು ತೆಗೆದಾಗ ವೈದ್ಯರು ದಿಂಬು ಕಚ್ಚಿಕೊಂಡ ಹಾಗೆ ಕೂತಿದ್ದರು.

"ಸಾರ್, ಮಕ್ಕಳ ವಾರ್ಡಲ್ಲೂ ಹಿಂಗ್ ಮಾಡಲ್ಲ."

ಸಿಸ್ಟರ್ ಹೋದ ಮೇಲೆ ಡಾಕ್ಟರು ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಇದನ್ನ ಆಫ್ ಮಾಡೋದ್ ಹೇಗೆ?"

"ಪಾಸ್‌ವರ್ಡ್ ಬೇಕು ಸಾರ್."

"ಹೇಳಿ."

"ಸಿಸ್ಟರ್ ಹತ್ರ ಮಾತ್ರ ಇದೆ. ಬೇರೆ ಯಾರಿಗೂ ಕೊಡಬಾರದು ಅಂತ ನೀವೇ ಆರ್ಡರ್ ಮಾಡಿದ್ರಿ."

ಡಾಕ್ಟರು ಸಿಸ್ಟರನ್ನು ಕರೆಸಿದರು. ದನಿ ಬೆಣ್ಣೆಯಾಗಿತ್ತು.

"ನಿಮ್ಮ ಮಗಳಿಗೆ ದಿನ ಯಾವಾಗಮ್ಮ?"

"ಮುಂದಿನ ವಾರ ಸಾರ್."

"ಪಾಪ, ತಾಯಿ ಜೊತೇಲಿರ್ಬೇಕು. ಈಗಲೇ ಹೊರಡಿ. ಒಂದು ತಿಂಗಳು ರಜೆ."

"ಇನ್ನೂ ಒಂದು ದಿನ ಬಾಕಿ ಇದೆ ಸಾರ್. ಹದಿನೈದು ಅಂದಿದ್ರಿ."

"ಹದಿನಾಲ್ಕೇ ಸಾಕು. ಡಬ್ಬಿ ಪಾಸು. ಎಲ್ಲಾ ಬೆಡ್‌ಗೂ ಹಾಕ್ಸಿ. ಈ ರೂಮ್ ಒಂದು ಬಿಟ್ಟು."

ಸಿಸ್ಟರ್ ಕದಲಲಿಲ್ಲ. "ಬಾಯಿ ಮಾತು ಬೇಡ ಸಾರ್. ಬರೆದು ಕೊಡಿ." ಜೇಬಿನಿಂದ ರಜೆ ಅರ್ಜಿ ತೆಗೆದರು. ಮಡಿಸಿದ ಗೆರೆಗಳು ಹರಿಯುವಷ್ಟು ಹಳೆಯ ಅರ್ಜಿ. ದಿನಾಂಕದ ಜಾಗ ಮಾತ್ರ ಖಾಲಿ.

ಡಾಕ್ಟರ ಬಲಗೈ ಹಲಗೆಯಲ್ಲಿ. ಎಡಗೈಯಲ್ಲಿ ಏನೋ ಗೀಚಿದರು. ಸಿಸ್ಟರ್ ಅದನ್ನು ಸಂಶಯದಿಂದ ನೋಡಿದರು. ಡಾಕ್ಟರ ಅಸಲಿ ಸಹಿಯನ್ನೂ ಯಾರೂ ಓದಲಾರರು. ಆದರೆ ಇದು ಬೇರೆ ರೀತಿಯಲ್ಲಿ ಓದಲಾಗದಂತಿತ್ತು.

"ಆಫೀಸಲ್ಲಿ ಇದನ್ನ ಒಪ್ಪಲ್ಲ ಸಾರ್. ನಾನೇ ಗೀಚ್ಕೊಂಡೆ ಅಂತಾರೆ."

"ಹಾಗಾದ್ರೆ ಸೂಜಿ ತೆಗೀರಿ, ಸೈನ್ ಹಾಕ್ತೀನಿ."

"ಬಾಟ್ಲಿ ಮುಗೀದೆ ಸೂಜಿ ತೆಗೆಯಲ್ಲ."

ಸಿಸ್ಟರ್ ಹೊರಗೆ ಹೋಗಿ, ಆಪರೇಷನ್ ಒಪ್ಪಿಗೆ ಪತ್ರಕ್ಕೆ ಬಳಸುವ ಇಂಕ್ ಪ್ಯಾಡ್ ತಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ. ಸಿಸ್ಟರ್ ಅವರ ಎಡಗೈ ಹಿಡಿದು, ಹೆಬ್ಬೆರಳನ್ನು ಪ್ಯಾಡಿಗೆ ಉಜ್ಜಿ, ಅರ್ಜಿಯ ಕೆಳಗೆ ಒತ್ತಿಸಿದರು. ಹೊರಗಿನ ಬೋರ್ಡಿನಲ್ಲಿ ಹೆಸರಿನ ಮುಂದೆ ನಾಲ್ಕು ಡಿಗ್ರಿ ಬರೆಸಿದ ಮನುಷ್ಯ.

ಅಷ್ಟಕ್ಕೇ ಬಿಡಲಿಲ್ಲ. ಹೆಬ್ಬೆಟ್ಟಿನ ಪಕ್ಕದಲ್ಲಿ, ಓದುಬರಹ ಬಾರದವರ ಪತ್ರಗಳಲ್ಲಿ ಬರೆಯುವ ಹಾಗೆಯೇ, ದುಂಡಗೆ ಬರೆದರು: 'ಸದರಿ ವಿಷಯವನ್ನು ಇವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿ, ಅರ್ಥವಾಯಿತೆಂದು ಒಪ್ಪಿ ಒತ್ತಿದ ಎಡಗೈ ಹೆಬ್ಬೆಟ್ಟಿನ ಗುರುತು.'

ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ.