ಕಾಲು ಕೂಟಗಲ್ಲಿಂದು, ಮುಖ ಬೆಂಗಳೂರಿಂದು

ರಾಮನಗರದ ಸುತ್ತಮುತ್ತ ಕ್ಯಾಮೆರಾ ಇಳಿಯದ ವಾರವಿಲ್ಲ. ಕ್ಯಾಮೆರಾ ಇಳಿದ ಮೇಲೆ ಏನಾದರೊಂದು ಎಡವಟ್ಟಾಗದ ದಿನವಿಲ್ಲ. ಜಾಹೀರಾತಿನವರಿಗೆ ಜಾಗ ಹುಡುಕಿಕೊಡುವುದು ನನ್ನ ಕೆಲಸ. ಬಂಡೆ ಕೇಳಿದರೆ ಬಂಡೆ, ತೋಪು ಕೇಳಿದರೆ ತೋಪು. ಈಚೆಗೆ ಅವರಿಗೆ ಹೊಸ ಹುಚ್ಚು ಹಿಡಿದಿದೆ, ಸ್ಕೇಟ್‌ಬೋರ್ಡಿನದು. ನಾಲ್ಕು ಪುಟ್ಟ ಚಕ್ರದ ಒಂದು ಹಲಗೆ, ಅಷ್ಟೇ. ಆದರೆ ಸಿಮೆಂಟಿರಲಿ, ತಲೆಗೆ ಹಚ್ಚುವ ಎಣ್ಣೆಯಿರಲಿ, ಹರಿದ ಜೀನ್ಸಿನವನೊಬ್ಬ ಅದರ ಮೇಲೆ ಸುಯ್ಯೆಂದು ಬಂದು ಹಲ್ಲು ಕಿರಿದರೆ ಮಾಲು ಖರ್ಚಾಗುತ್ತದೆ ಎಂದು ಅವರ ನಂಬಿಕೆ.

ಧಾರಾವಾಹಿಯವರ ನಂಬಿಕೆಯೇ ಬೇರೆ. ಅಲ್ಲಿ ಹಲಗೆ ಹತ್ತಿದ ಮಗ ಕೆಟ್ಟನೆಂದೇ ಅರ್ಥ. ಇವತ್ತು ಹಲಗೆ, ನಾಳೆ ಸಿಗರೇಟು, ಕೊನೆಯ ವಾರ ಅಮ್ಮನ ಕಾಲು ಹಿಡಿದು ಗೋಳೋ ಎಂದು ಅಳು.

ಈ ಎರಡರ ನಡುವೆ ಸಿಕ್ಕಿಬಿದ್ದವಳು ನಮ್ಮ ಕೂಟಗಲ್ಲಿನ ಒಬ್ಬ ಹುಡುಗಿ. ಡಿಗ್ರಿ ಓದುತ್ತಾಳೆ, ರಜೆಯಲ್ಲಿ ಮನೆಯ ಕುರಿ ಮೇಯಿಸುತ್ತಾಳೆ, ರಾಗಿ ಹರಡದ ದಿನ ಊರಿನ ಕಾಂಕ್ರೀಟ್ ಕಣದಲ್ಲಿ ಸ್ಕೇಟ್‌ಬೋರ್ಡ್ ಓಡಿಸುತ್ತಾಳೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಸೋದರಮಾವ ಅವಳಿಗೆಂದು ಹಲಗೆ ಕೊಯ್ದು, ಗಿಲಕಿಗೆ ಹಾಕುವ ಕೆಂಪು ಹಳದಿ ಬಣ್ಣವನ್ನೇ ಅದಕ್ಕೂ ಹಾಕಿಕೊಟ್ಟಿದ್ದ. ಗಾಳಿಯಲ್ಲಿ ಹೋದ ಹಾಗೆ ಹೋಗುತ್ತಾಳೆ. ಆದರೆ ಅವಳ ಅಜ್ಜಿಗೆ ಪ್ರಪಂಚವೆಂದರೆ ಸಂಜೆಯ ಧಾರಾವಾಹಿ. ಒಂದು ದಿನ ಅಜ್ಜಿ ನನ್ನನ್ನೇ ಕರೆದು ಹೇಳಿದರು.

“ದಿನಾ ಟೀವಿ ನೋಡ್ತಾ ಇವ್ನಿ ಕಣಪ್ಪಾ. ಆ ಹಲಗೆ ಹತ್ತಿದೋರು ಒಬ್ಬರಾದ್ರೂ ಉದ್ಧಾರ ಆಗವ್ರಾ? ಒಳ್ಳೆ ಮನೆ ಹೆಣ್ಣುಮಗಳು ಅದರ ಮ್ಯಾಲೆ ಹೋಗಾದ ಟೀವೀಲಿ ಒಂದ್ಸಲ ತೋರ್ಸು. ಯುಗಾದಿ ಗಂಟ ಟೈಮು. ಇಲ್ದಿದ್ರೆ ಆ ಹಲಗೆ ಉರೀಲೇ ಒಬ್ಬಟ್ಟು ಬೇಯ್ಸದು.”

ಹುಡುಗಿ ನನ್ನ ಮುಖ ನೋಡಿದಳು. “ತೋರಿಸೋಣ ಬಿಡಿ ಅಜ್ಜಿ” ಎಂದುಬಿಟ್ಟೆ.

೧. ನಾಲ್ಕು ನಿಂಬೆಹಣ್ಣು

ಮಾಗಡಿ ಹತ್ತಿರ ಒಂದು ಹೊಸ ಸಿಮೆಂಟ್ ರಸ್ತೆಯಲ್ಲಿ ಜ್ಯೂಸಿನ ಜಾಹೀರಾತು. ಬೆಂಗಳೂರಿನಿಂದ ಮಾಡೆಲ್ ಬಂದಿದ್ದ. ತೋಳಿನ ತುಂಬ ಹಚ್ಚೆ, ಕಿವಿಯಲ್ಲಿ ಓಲೆ. ಪಕ್ಕದ ತೆಂಗಿನ ತೋಟದ ಯಜಮಾನರು ನೋಡುತ್ತ ನಿಂತಿದ್ದವರು ಕೇಳಿದರು, “ಹೊಸಾ ಗಾಡಿನಾ?”

“ಹೂಂ ಸರ್, ಇವತ್ತೇ ಬಾಕ್ಸ್ ಒಡೆದಿದ್ದು” ಎಂದ ನಿರ್ದೇಶಕ.

“ಹಂಗಾದ್ರೆ ಪೂಜೆ ಆಗ್ದೆ ನಮ್ಮೂರ ರಸ್ತೆ ಮ್ಯಾಲೆ ಬುಡಾಕಿಲ್ಲ. ಗಾಡಿ ಸಣ್ಣದಾದ್ರೇನು, ಚಕ್ರ ನಾಕೈತೆ ಅಲ್ವಾ?”

ರಸ್ತೆ ಅವರದಲ್ಲ. ಆದರೆ ಕರೆಂಟು ಅವರ ಪಂಪ್‌ಸೆಟ್ಟಿನದು. ಅರಿಶಿನ, ಕುಂಕುಮ, ಊದುಬತ್ತಿ ಎಲ್ಲ ಬಂತು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಕೂತವು. ಚಕ್ರಕ್ಕಿಂತ ನಿಂಬೆಹಣ್ಣೇ ಒಂದು ಸುತ್ತು ದಪ್ಪ. ಮಾಡೆಲ್ ಸ್ಟೈಲಾಗಿ ಹಲಗೆ ಹತ್ತಿ ಕಾಲು ಒತ್ತಿದ. ಹಲಗೆ ನಿಂತಲ್ಲೇ ನಿಂತಿತು, ಅವನು ಮಾತ್ರ ಹೊರಟ. ಹೋಗಿ ಬಿದ್ದದ್ದು ತೆಂಗಿನ ಸೋಗೆಯ ರಾಶಿ ಮೇಲೆ. ಮುಖಕ್ಕೆ ಏನೂ ಆಗಲಿಲ್ಲ, ಪಾದ ಉಳುಕಿತು.

ಯಜಮಾನರು ಓಡಿಬಂದು ಅವನನ್ನು ಎಬ್ಬಿಸುತ್ತಾ ಹೇಳಿದರು, “ನೋಡುದ್ರಾ, ಪೂಜೆ ಮಾಡಿದ್ದಕ್ಕೆ ಇಷ್ಟರಲ್ಲೇ ಹೋಯ್ತು!”

೨. ಮುಖ ಯಾವ ಮನೇದು?

ಉಳುಕಿದ ಕಾಲಿಗೆ ಬದಲಿ ಕಾಲು ಬೇಕಲ್ಲ. ನಾನು ಕೂಟಗಲ್ಲಿಗೆ ಫೋನ್ ಮಾಡಿದೆ. ಹುಡುಗಿ ಬಂದಳು, ಅವನ ಜೀನ್ಸನ್ನೇ ಹಾಕಿಕೊಂಡು ಬರಿಗಾಲಿನಲ್ಲೇ ನಾಲ್ಕು ಸಲ ಸುಯ್ಯೆಂದು ಹೋದಳು, ಶೂಟಿಂಗ್ ಮುಗಿಯಿತು. ಅಂದಿನಿಂದ ನಮ್ಮ ಕಡೆ ಯಾವ ಜಾಹೀರಾತಿನಲ್ಲಿ ಸ್ಕೇಟ್‌ಬೋರ್ಡ್ ಓಡಿದರೂ ಮೊಣಕಾಲಿನಿಂದ ಮೇಲೆ ಬೆಂಗಳೂರು, ಕೆಳಗೆ ಕೂಟಗಲ್ಲು.

ಜ್ಯೂಸಿನದು ಟೀವಿಯಲ್ಲಿ ಬಂದ ದಿನ ಅವಳು ಮನೆಯವರನ್ನೆಲ್ಲ ಕೂರಿಸಿ ತೋರಿಸಿದಳು. ಅಜ್ಜಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಎಡಗಾಲಿನ ಹೆಬ್ಬೆರಳ ಹತ್ತಿರ ಕುಡುಗೋಲು ತಾಗಿದ ಹಳೆಯ ಗಾಯದ ಗುರುತು ಸಿಕ್ಕಿತು.

“ಕಾಲು ನಮ್ದೇ” ಎಂದು ಒಪ್ಪಿಕೊಂಡರು. ಹುಡುಗಿಯ ಮುಖ ಅರಳಿತು. ಅಷ್ಟರಲ್ಲಿ ಹಚ್ಚೆಯ ತೋಳು, ಓಲೆಯ ಕಿವಿ ಬಂತು.

“ಕಾಲು ಒಳ್ಳೆ ಮನೇದು ಅಂತ ನಂಗೊತ್ತು. ಈ ಮುಖ ಯಾವ ಮನೇದು?”

೩. ಕುಂಟುವುದು ಹೇಗೆ

ಕನಕಪುರದ ಕಡೆ ಮಂಡಿನೋವಿನ ಮುಲಾಮಿನ ಜಾಹೀರಾತು. ಅಜ್ಜನೊಬ್ಬ ಮೊದಲು ಕುಂಟಬೇಕು, ಮುಲಾಮು ಹಚ್ಚಬೇಕು, ಆಮೇಲೆ ಸ್ಕೇಟ್‌ಬೋರ್ಡಿನಲ್ಲಿ ಹಾರಬೇಕು. ದೊಡ್ಡಆಲಹಳ್ಳಿಯಿಂದ ಬಿಳಿ ಮೀಸೆಯ ಒಬ್ಬ ರೈತರನ್ನು ಕರೆತಂದೆ. ಹಾರುವ ಕಾಲು ನಮ್ಮ ಹುಡುಗಿಯದು, ಅಜ್ಜನಂಥದೇ ಪಂಚೆ ಕಚ್ಚೆ ಹಾಕಿಕೊಂಡು ತಯಾರಾಗಿದ್ದಳು.

ತೊಂದರೆ ಬಂದದ್ದು ಕುಂಟುವುದರಲ್ಲಿ. ಹುಟ್ಟಿದಾಗಿನಿಂದ ಗುಡ್ಡ ಹತ್ತಿ ಇಳಿದ ಮನುಷ್ಯ, ಕುಂಟುವುದೇ ಗೊತ್ತಿಲ್ಲ! ನಿರ್ದೇಶಕ ಕುಂಟಿ ತೋರಿಸಿದ, ನಾನು ಕುಂಟಿದೆ, ಊಟದ ಟೆಂಪೋ ಡ್ರೈವರೂ ಕುಂಟಿದ. ಮಧ್ಯಾಹ್ನದವರೆಗೆ ಪಾಠ ನಡೆದು ಅಂತೂ ಅಜ್ಜನಿಗೆ ಕುಂಟು ಕೈಗೂಡಿತು. ಕಟ್ ಹೇಳಿದರೂ ಅವರು ಕುಂಟುತ್ತಲೇ ಇದ್ದರು.

“ಸಾಕು ತಾತಾ, ಚೆನ್ನಾಗಿ ಬಂತು” ಎಂದ ನಿರ್ದೇಶಕ.

“ನಿಂಗೆ ಸಾಕು, ನನ್ ಮಂಡಿ ಹಿಡ್ಕಂಬುಟ್ಟೈತೆ. ಒಸಿ ಆ ಮುಲಾಮು ತತ್ತಾರಪ್ಪ ಇತ್ಲಾಗೆ.”

ಡಬ್ಬಿ ತೆಗೆದು ನೋಡಿದರೆ ಖಾಲಿ. ಶೂಟಿಂಗಿಗೆಂದು ಬರಿ ಡಬ್ಬಿ ಕಳಿಸಿದ್ದರು. ಹುಡುಗಿಯೇ ಪಕ್ಕದ ಮನೆಯಿಂದ ಹರಳೆಣ್ಣೆ ತಂದು, ಕಚ್ಚೆಪಂಚೆಯಲ್ಲೇ ಕೂತು ತಿಕ್ಕಿದಳು. ಅಜ್ಜ ನಿಟ್ಟುಸಿರು ಬಿಟ್ಟು ಹೇಳಿದರು, “ನಂಗೆ ನೋವೇ ಇರ್ನಿಲ್ಲ ಕಣವ್ವಾ. ಇವರ ಮುಲಾಮು ಬಂದ್ಮ್ಯಾಲೆ ಸುರುವಾಯ್ತು!”

೪. ಮೂರು ಸುತ್ತು

ಯುಗಾದಿ ಹತ್ತಿರ ಬಂತು. ಹುಡುಗಿಯ ಮುಖ ಎಲ್ಲೂ ಬಂದಿರಲಿಲ್ಲ. ನಾನು ಕಂಡಕಂಡ ನಿರ್ದೇಶಕರಿಗೆಲ್ಲ ಹೇಳಿ ನೋಡಿದೆ. “ಮುಖ ಪರಿಚಯದ್ದಿರಬೇಕು ಸರ್” ಎಂದು ಎಲ್ಲರದೂ ಒಂದೇ ರಾಗ. ಕೊನೆಗೆ ಸಿಕ್ಕಿದ್ದು ಒಂದು ಶೂ ಜಾಹೀರಾತು. ಅಲ್ಲೂ ಕಾಲು ಮಾತ್ರ. ಆದರೂ ಜಾಗ ನಾನು ಕೂಟಗಲ್ಲಿನ ಕಣವನ್ನೇ ತೋರಿಸಿದೆ. ಒಲೆಗೆ ಹೋಗುವ ಮೊದಲು ಆ ಹಲಗೆ ತನ್ನೂರಿನಲ್ಲಿ ಒಂದು ಸಲ ಕ್ಯಾಮೆರಾ ಕಾಣಲಿ ಎಂಬ ಸಂಕಟ ನನಗೆ.

ಅಜ್ಜಿ ಕಾವಲಿಗೆ ಬಂದರು. ಹೊಸ ಸೀರೆ, ಕಾಲಿಗೆ ಚನ್ನಪಟ್ಟಣದಿಂದ ತರಿಸಿದ ಹೊಸ ಚಪ್ಪಲಿ. ಮಾಡೆಲ್ ಹುಡುಗಿ ಛತ್ರಿಯ ಕೆಳಗೆ ಕೂತಿದ್ದಳು. ನಮ್ಮವಳು ಅದೇ ಬಟ್ಟೆಯಲ್ಲಿ ಬಿಸಿಲಿನಲ್ಲಿ ಸುತ್ತುತ್ತಿದ್ದಳು. ಕ್ಯಾಮೆರಾದವರು ನೆಲಕ್ಕೆ ಮಲಗಿ ಅವಳ ಪಾದವನ್ನೇ ಹಿಡಿದಿದ್ದರು.

“ಆಡೋಳು ಇವಳು, ತೋರ್ಸೋದು ಅವಳ್ನಾ?” ಅಜ್ಜಿ ಕೇಳಿದರು.

“ಜಾಹೀರಾತು ಅಂದ್ರೆ ಹಂಗೇ ಅಜ್ಜಿ.”

“ಯಾರದೋ ಕಾಲು, ಎಲ್ಲಮ್ಮನ ಜಾತ್ರೆ!” ಎಂದು ಅಜ್ಜಿ ಸೆರಗು ಸಿಕ್ಕಿಸಿದರು. “ಅಲ್ಲಾ, ಇಷ್ಟು ಜನ ಬಾಯ್ಬುಟ್ಕಂಡು ಮಗೀನ ಕಾಲೇ ನೋಡ್ತಾವ್ರಲ್ಲ, ದೃಷ್ಟಿ ಆಗಾಕಿಲ್ವಾ?”

ಊಟದ ಟೆಂಪೋದಿಂದ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು, ನಾನು ತಡೆಯುವ ಮೊದಲೇ, ಓಡುತ್ತಿದ್ದ ಕ್ಯಾಮೆರಾದ ಮುಂದೆ ಕಣದ ನಟ್ಟನಡುವೆ ಹೋಗಿ ನಿಂತುಬಿಟ್ಟರು.

“ನಿಂತ್ಕಳೇ ಮುಂಡೇದೇ, ನಿವಾಳಿಸ್ಬೇಕು!”

“ಸ್ಪೀಡಲ್ಲಿವ್ನಿ ಅಜ್ಜಿ, ಗಕ್ಕನೆ ನಿಂತ್ರೆ ಬಿದ್ದೋಯ್ತೀನಿ! ನೀನು ಕೈ ಚಾಚ್ಕಂಡು ನಿಂತ್ಕ, ನಾನೇ ಮೂರು ಸುತ್ತು ಬತ್ತೀನಿ!”

ಅಜ್ಜಿ ಒಂದು ಗಳಿಗೆ ಯೋಚಿಸಿದರು. “ಮೂರಾದ್ರೆ ಸರಿ. ಯಾರು ಸುತ್ತುದ್ರೇನು” ಎಂದು ಮುಷ್ಟಿ ಚಾಚಿದರು. ಕೈ ಹುಡುಗಿಯನ್ನು ಸುತ್ತಬೇಕಾದ ಕಡೆ ಹುಡುಗಿಯೇ ಕೈಯನ್ನು ಸುತ್ತಿದಳು. ಅಜ್ಜಿ ಗಟ್ಟಿಯಾಗಿ ಹೇಳುತ್ತಿದ್ದರು, “ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು, ಬೆಂಗ್ಳೂರೋರ ಕಣ್ಣು, ಆ ಕ್ಯಾಮೆರಾ ಕಣ್ಣು, ಥೂ ಥೂ ಥೂ!” ಹುಡುಗಿ ನಗುತ್ತ ನಗುತ್ತ, ಮುಖವೆಲ್ಲ ಬೆವರು, ಮೂರನೆಯ ಸುತ್ತು ಮುಗಿಸಿ ಅಜ್ಜಿಯ ಭುಜ ಹಿಡಿದು ನಿಂತಳು.

ಕಟ್ ಹೇಳುವುದನ್ನು ನಿರ್ದೇಶಕ ಮರೆತಿದ್ದ. ಪಾದ ಹಿಡಿದಿದ್ದ ಕ್ಯಾಮೆರಾ ಯಾವಾಗಲೋ ಎದ್ದು ಇಬ್ಬರ ಮುಖ ಹಿಡಿದಿತ್ತು. ಮೊದಲು ಚಪ್ಪಾಳೆ ತಟ್ಟಿದವಳು ಛತ್ರಿಯ ಕೆಳಗಿನ ಮಾಡೆಲ್. “ಸರ್, ನಾನು ಬೇಡ. ಜಾಹೀರಾತು ಇದೇ” ಎಂದಳು. ಅವಳಿಗೆ ಒಳ್ಳೆಯದಾಗಲಿ.

ಯುಗಾದಿಗೆ ಎರಡು ದಿನ ಇರುವಾಗ ಅದು ಟೀವಿಯಲ್ಲಿ ಬಂತು. ಅಜ್ಜಿಯ ಧಾರಾವಾಹಿಯ ನಡುವೆಯೇ ಬಂತು. ಅರ್ಧ ಊರು ಆ ಮನೆಯ ಜಗಲಿಯಲ್ಲಿತ್ತು. ಪರದೆಯ ತುಂಬ ನಮ್ಮ ಹುಡುಗಿಯ ಮುಖ, ಪಕ್ಕದಲ್ಲಿ ಅಜ್ಜಿಯ ಮುಖ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡಲಿಲ್ಲ.

ಅಜ್ಜಿ ಎದ್ದುಹೋಗಿ ಒಲೆಯ ಪಕ್ಕ ಸೌದೆಯ ಮೇಲೆ ಒರಗಿಸಿಟ್ಟಿದ್ದ ಹಲಗೆಯನ್ನು ತಂದರು. ಸೆರಗಿನಿಂದ ಒರೆಸಿ, ಕುಂಕುಮ ಇಟ್ಟು, ಮೊಮ್ಮಗಳ ಕೈಗೆ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಈಗ ಆಶೀರ್ವಾದ ಮಾಡುತ್ತಾರೆ ಎಂದು ನಾನು ತಲೆ ಬಗ್ಗಿಸಿದೆ.

“ಅಲ್ಲಾ ಕಣಪ್ಪಾ, ಕಾಲಿಗೆ ಹಾಕ್ಕಣಾದರ ಜಾಹೀರಾತು ಅಂದೆ. ಇಷ್ಟು ದಿನ ಇವಳ ಕಾಲು ತೋರ್ಸಿ ಮುಖ ಮುಚ್ಚುದ್ರಿ. ಈಗ ನನ್ ಮುಖ ತೋರ್ಸಿ ಕಾಲು ಮುಚ್ಚವ್ರಲ್ಲೋ! ಹೊಸಾ ಚಪ್ಲಿ ಯಾಕ್ ಹಾಕ್ಕಂಡ್ ಬಂದಿದ್ದೆ ನಾನು?”