ಹೊಟ್ಟೆಯ ಅಳತೆ

ಅವರು: ನಿನ್ನ ಗೌನಿನ ಹೊಲಿಗೆ ಎರಡು ಸಲ ಬಿಚ್ಚಿ ದೊಡ್ಡದು ಮಾಡಿದ್ದೀನಿ. ಮಗು ಬೆಳೆದಿಲ್ಲ ಅಂದ್ರೆ ಯಾರು ನಂಬ್ತಾರೆ?

ನಾನು: ನಾನು ಹೇಳಿದ್ದಲ್ಲ. ನರ್ಸಮ್ಮ ಹೇಳಿದ್ದು.

ಅವರು: ಅವಳು ಟೇಪು ಸಡಿಲ ಹಿಡಿದಿರ್ತಾಳೆ.

ನಾನು: ಸಡಿಲ ಹಿಡಿದ್ರೆ ಜಾಸ್ತಿ ಬರುತ್ತೆ. ಕಮ್ಮಿ ಅಲ್ಲ.

ಅವರು: ನನಗೆ ಟೇಪು ಹಿಡಿಯೋದು ಹೇಳ್ಕೊಡ್ಬೇಡ.

ನನ್ನ ಗಂಡ ದರ್ಜಿ. ಬೀದಿಯ ಅರ್ಧ ಜನರ ಸೊಂಟ ಅವರಿಗೆ ಬಾಯಿಪಾಠ. ನಾನು ಬಸುರಿ, ಆರು ತಿಂಗಳು ದಾಟಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಹಿಂದಿನ ಸಲ ನರ್ಸಮ್ಮ, ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ, ಗಂಡನ್ನ ಕರ್ಕೊಂಡು ಬನ್ನಿ ಅಂದಿದ್ದರು. ಕರೆದುಕೊಂಡು ಹೋಗಿದ್ದೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದರು. ಅದು ನಮ್ಮ ಕೊನೆಯ ಮಾಮೂಲಿ ದಿನ. ಆವತ್ತು ಗೊತ್ತಿರಲಿಲ್ಲ. ಅದಕ್ಕೇ ಜಗಳ ಆಡಿದೆವು.

ಒಳಗೆ ಕರೆದರು.

ನರ್ಸಮ್ಮ: ದಿನಾ ಏನೇನು ತಿಂತೀರಮ್ಮ?

ಅವರು: ಚೆನ್ನಾಗಿ ತಿಂತಾಳೆ.

ನರ್ಸಮ್ಮ: ನಿಮ್ಮನ್ನ ಕೇಳಲಿಲ್ಲ. ಬೆಳಿಗ್ಗೆ ಏನಮ್ಮ?

ಅವರು: ಟೀ, ಬ್ರೆಡ್ಡು.

ನರ್ಸಮ್ಮ: ಮಗು ಯಾರ ಹೊಟ್ಟೇಲಿದೆ?

ಅವರು: ಅವಳ ಹೊಟ್ಟೇಲಿ.

ನರ್ಸಮ್ಮ: ಹಾಗಾದ್ರೆ ಅವರೇ ಹೇಳ್ಲಿ.

ನಾನು: ಟೀ, ಬ್ರೆಡ್ಡು.

ನರ್ಸಮ್ಮ: ಮಧ್ಯಾಹ್ನ?

ನಾನು: ಅನ್ನ.

ನರ್ಸಮ್ಮ: ಜೊತೆಗೆ?

ನಾನು: ಇನ್ನೊಂದು ಸ್ವಲ್ಪ ಅನ್ನ.

ಅವರು: ನೋಡಿ, ಎರಡೆರಡು ಸಲ ಬಡಿಸ್ಕೋತಾಳೆ.

ನರ್ಸಮ್ಮ: ಬೇಳೆ, ಕಾಳು, ಸೊಪ್ಪು, ಹಾಲು?

ನಾನು: ಆಗೊಮ್ಮೆ ಈಗೊಮ್ಮೆ.

ನರ್ಸಮ್ಮ: ಮೊಟ್ಟೆ?

ನಾನು: ಇವರು ದಿನಾ ತರ್ತಾರೆ.

ನರ್ಸಮ್ಮ: ತರೋದಲ್ಲ. ತಿಂತೀರಾ?

ನಾನು: ವಾಸನೆ ಆಗಲ್ಲ.

ನರ್ಸಮ್ಮ: ಮತ್ತೆ ಅದೆಲ್ಲಿಗೆ ಹೋಗುತ್ತೆ?

ಅವರು ಫ್ಯಾನು ನೋಡಿದರು.

ನಾನು: ಬಿಸಾಕೋಕೆ ಇವರಿಗೆ ಮನಸ್ಸು ಬರಲ್ಲ.

ನರ್ಸಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಚಿಕೊಂಡಿದೆ ಅಂದರು.

ನರ್ಸಮ್ಮ: ಕಬ್ಬಿಣದ ಮಾತ್ರೆ ಕೊಟ್ಟಿದ್ನಲ್ಲ?

ನಾನು: ಒಂದು ದಿನಾನೂ ತಪ್ಪಿಸಿಲ್ಲ. ಟೀ ಜೊತೆ ನುಂಗ್ತೀನಿ.

ನರ್ಸಮ್ಮ: ಟೀ ಜೊತೆ ನುಂಗಿದ್ರೆ ಅದು ಮೈಗೆ ಹತ್ತಲ್ಲಮ್ಮ. ನಿಂಬೆಹಣ್ಣಿನ ನೀರಲ್ಲಿ ನುಂಗಿ. ಟೀ ಬೇಕಾದ್ರೆ ತುಂಬ ಹೊತ್ತು ಬಿಟ್ಟು ಕುಡೀರಿ.

ಅವರಿಗೆ ತಡೆಯಲಾಗಲಿಲ್ಲ. ಎದ್ದು ನನ್ನ ಹೊಟ್ಟೆಯ ಸುತ್ತ ಟೇಪು ಹಾಕಿದರು.

ಅವರು: ಬನ್ನಿ, ನೀವೇ ನೋಡಿ. ಹೋದ ತಿಂಗಳಿಗಿಂತ ಜಾಸ್ತಿ ಇದೆ. ನನ್ನ ಅಳತೆ ಇವತ್ತಿನವರೆಗೂ ತಪ್ಪಿಲ್ಲ.

ನರ್ಸಮ್ಮ: ನೀವು ಅಳೆದದ್ದು ಗೌನಿಗೆ. ಮಗುಗೆ ಕೆಳಗಿಂದ ಮೇಲಕ್ಕೆ ಅಳೀಬೇಕು. ಕೊಡಿ ಇಲ್ಲಿ.

ನರ್ಸಮ್ಮ ನನ್ನನ್ನು ಮಲಗಿಸಿ, ಅವರ ಟೇಪಿನಲ್ಲೇ ಅಳೆದರು. ನೀವೇ ಓದಿ ಅಂದರು. ಅವರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

ಅವರು: ಹೋದ ಸಲ ಎಷ್ಟಿತ್ತು?

ನರ್ಸಮ್ಮ: ಇಷ್ಟೇ.

ಅವರು ಟೇಪು ತಿರುಗಿಸಿ ಇನ್ನೊಂದು ಬದಿಯ ಅಂಕಿಯನ್ನೂ ನೋಡಿದರು.

ನರ್ಸಮ್ಮ: ಬೇರೆ ಕಾರಣನೂ ಇರಬಹುದು. ಡಾಕ್ಟ್ರು ಸ್ಕ್ಯಾನ್ ಮಾಡಿಸಿ ನೋಡ್ತಾರೆ. ಆದ್ರೆ ಊಟ ನಿಮ್ಮ ಕೈಲಿದೆ. ಬರೀ ಅನ್ನ, ಬ್ರೆಡ್ಡಿಂದ ತಾಯಿ ಹೊಟ್ಟೆ ತುಂಬುತ್ತೆ. ಮಗುಗೆ ರಕ್ತ, ಮೂಳೆ ಕಟ್ಟೋಕೆ ಅಷ್ಟು ಸಾಲಲ್ಲ.

ಅವರು: ಅದಕ್ಕೇ ನಾನು ದಿನಾ ಮೊಟ್ಟೆ ತರ್ತಾ ಇದ್ದೆ.

ನರ್ಸಮ್ಮ ಟೇಪು ತೆಗೆದು ಅವರ ಸೊಂಟಕ್ಕೆ ಸುತ್ತಿದರು.

ನರ್ಸಮ್ಮ: ಗೊತ್ತಾಗ್ತಿದೆ. ನಿಮ್ಮದು ಚೆನ್ನಾಗಿ ಬೆಳೀತಿದೆ.

ಆವತ್ತು ಸಂಜೆ ಅಂಗಡಿ ಬೇಗ ಮುಚ್ಚಿದರು. ಬೇಳೆ, ಸೊಪ್ಪು ತಂದು ತಾವೇ ಬೇಯಿಸಿದರು. ಮೊಟ್ಟೆಗೆ ಈರುಳ್ಳಿ, ಮೆಣಸು ಹಾಕಿ ಹುರಿದರು, ವಾಸನೆ ಹೋಗಲಿ ಅಂತ. ತಟ್ಟೆ ಇಟ್ಟು ಎದುರಿಗೆ ಕೂತರು.

ನಾನು: ನೀವೂ ಹಾಕ್ಕೊಳ್ಳಿ.

ಅವರು: ನೀನು ಮುಗಿಸೋ ತನಕ ಮುಟ್ಟಲ್ಲ.

ನಾನು: ಹಾಗೆ ದುರುಗುಟ್ಟಿ ನೋಡಿದ್ರೆ ಗಂಟಲಲ್ಲಿ ಇಳಿಯಲ್ಲ.

ಅವರು: ಗೋಡೆ ನೋಡ್ತೀನಿ. ತಿನ್ನು.

ಗೋಡೆ ನೋಡಿದರು.

ಅವರು: ಆಯ್ತಾ?

ನಾನು: ಈಗ ತಾನೇ ಶುರು ಮಾಡಿದ್ದೀನಿ.

ಅವರು: ಸ್ವಲ್ಪ ಬೇಗ ಬೆಳೆಸು ಮಾರಾಯ್ತಿ. ನನಗೂ ಹಸಿವು.

ಪೂರ್ತಿ ತಿಂದೆ.

ಮರುದಿನ ದಾರ ತರೋಕೆ ಹೋದರು. ರಸ್ತೆ ದಾಟುವಾಗ ಲಾರಿ ಬಂತು. ಅದರ ಬಗ್ಗೆ ಬರೆಯೋದಿಲ್ಲ.

ನಾನು ಊಟ ಬಿಟ್ಟೆ. ಬಂದವರೆಲ್ಲ ತಿನ್ನು ತಿನ್ನು ಅಂದರು, ಅತ್ತರು, ತಾವು ತಿಂದು ಹೋದರು. ಆಮೇಲೆ ನರ್ಸಮ್ಮ ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು.

ನಾನು: ನನಗೆ ಬೇಡ.

ನರ್ಸಮ್ಮ: ನಿಮಗೆ ಅಂತ ಯಾರು ತಂದ್ರು?

ನಾನು: ಮತ್ತೆ?

ನರ್ಸಮ್ಮ: ಮಗುಗೆ. ಬಾಯಿ ಮಾತ್ರ ನಿಮ್ಮದು.

ನಾನು: ಅಳು ಬರುತ್ತೆ.

ನರ್ಸಮ್ಮ: ಅಳ್ತಾನೇ ತಿನ್ನಿ. ಅಳೋಕೂ ಬಲ ಬೇಕು.

ಅಳುತ್ತಾ ತಿಂದೆ. ಉಪ್ಪು ಜಾಸ್ತಿ ಆಗಿದೆ ಅಂದೆ. ಕಣ್ಣೀರಿಂದು ಅಂದರು. ಅಲ್ಲ, ಅಡುಗೆಯದೇ. ಆ ಅಡುಗೆಯನ್ನೇ ದಿನಾ ತಂದರು. ದಿನಾ ತಿಂದೆ. ಮುಂದಿನ ತಿಂಗಳು ಹೊಟ್ಟೆಯ ಅಳತೆ ಮೇಲಕ್ಕೆ ಹೋಗಿತ್ತು. ಓದೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನೇ ಕತ್ತು ಎತ್ತಿ ಓದಿದೆ.

ಹೆಣ್ಣು ಮಗು. ಸ್ವಲ್ಪ ಸಣ್ಣದೇ, ಆದರೆ ಭಯ ಇಲ್ಲ ಅಂದರು ಡಾಕ್ಟ್ರು. ಈಗ ಶಾಲೆಗೆ ಹೋಗುತ್ತಾಳೆ. ದಿನಾ ಬೆಳಿಗ್ಗೆ ಅವಳ ಯೂನಿಫಾರ್ಮಿನ ಬೆನ್ನಿನ ಗುಂಡಿ ಹಾಕೋದು ನನ್ನ ಕೆಲಸ.

ನಾನು: ಉಸಿರು ಬಿಗಿ ಹಿಡಿ.

ಮಗಳು: ಹಿಡಿದೇ ಇದ್ದೀನಮ್ಮ.

ನಾನು: ಶಾಲೆ ಶುರುವಾದಾಗ ಸರಿಯಾಗಿತ್ತಲ್ಲೇ.

ಮಗಳು: ನಾನೇನ್ ಮಾಡ್ಲಿ?

ನಾನು: ವರ್ಷ ಮುಗಿಯೋ ತನಕ ಬೆಳೆಯೋದು ನಿಲ್ಲಿಸು.

ಮಾತು ಕೇಳುವುದಿಲ್ಲ. ಮಂಡಿ ಊರಿ ಕೂತು, ಎರಡೂ ಕಡೆ ಎಳೆದು, ಗುಂಡಿ ಹಾಕುತ್ತೇನೆ.